ಸಾಲ ಕೊಟ್ಟವರನ್ನೂ ಕೇಳೋಣ

(ಸ್ವ-ಸಹಾಯ ಸಂಘಗಳ ಒಕ್ಕೂಟದ ಪ್ರತಿನಿಧಿಗಳ ತರಬೇತಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹಸುವಿನ ಸಾಲದಿಂದಲೇ ಶುರು ಮಾಡುತ್ತೇವೆ. ಆ ವಿಷಯ ನಮಗಿಂತ ನಿಮಗೇ ಚೆನ್ನಾಗಿ ಗೊತ್ತು. ಸಂಘದ ಮೂಲಕ ಒಂದು ಹಸುವಿಗೆ ಸಾಲ ಬೇಕು ಅಂದರೆ ಬ್ಯಾಂಕಿನವರು ಎಷ್ಟು ಪ್ರಶ್ನೆ ಕೇಳ್ತಾರೆ! ಎಷ್ಟನೆಯ ಕರು, ಮೇವಿಗೆ ಏನು ಮಾಡ್ತೀರಿ, ಹಾಲು ಯಾವ ಡೈರಿಗೆ ಹಾಕ್ತೀರಿ. ಸಾಲ ಕೊಟ್ಟ ಮೇಲೂ ಸುಮ್ಮನಿರುವುದಿಲ್ಲ. ಹಸು ನಿಜವಾಗಿ ತಂದಿದ್ದಾರಾ, ಕಿವಿಗೆ ವಿಮೆಯ ಬಿಲ್ಲೆ ಹಾಕಿಸಿದ್ದಾರಾ ಅಂತ ಕೊಟ್ಟಿಗೆಗೇ ಬಂದು ನೋಡ್ತಾರೆ. ತಪ್ಪಲ್ಲ. ದುಡ್ಡು ಕೊಟ್ಟವರು ದುಡ್ಡು ಎಲ್ಲಿಗೆ ಹೋಯಿತು ಅಂತ ನೋಡಬೇಕಾದ್ದೇ.

ಹಿಂದಿನ ಸಭೆಯಲ್ಲಿ ಒಬ್ಬರು ಅಕ್ಕ ಎದ್ದು ನಿಂತು ಕೇಳಿದರು: "ನಮ್ಮ ಹಸು ನೋಡಲಿಕ್ಕೆ ಮ್ಯಾನೇಜರು ಬಂದ್ರು. ನಮ್ಮ ಹೊಳೆ ಹಾಳು ಮಾಡಿದ ಕಂಪನಿಗೆ ಕೋಟಿಗಟ್ಟಲೆ ಸಾಲ ಕೊಟ್ಟವರು ಒಮ್ಮೆಯಾದ್ರೂ ಹೊಳೆ ನೋಡಲಿಕ್ಕೆ ಬಂದ್ರಾ?"

ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಇವತ್ತಿನ ಮಾತು ಅದಕ್ಕೇ ಉತ್ತರ.

ಅಣೆಕಟ್ಟು, ಬಂದರು, ವಿದ್ಯುತ್ ಸ್ಥಾವರ, ಚತುಷ್ಪಥ ರಸ್ತೆ - ಇಂಥವೆಲ್ಲ ಕಂಪನಿಯ ಅಥವಾ ಸರಕಾರದ ಸ್ವಂತ ದುಡ್ಡಿನಿಂದಲೇ ಆಗುವುದು ಅಪರೂಪ. ಹಿಂದೆ ಸಾಲ ಇರುತ್ತದೆ. ನಾವು ಜಿಲ್ಲಾಧಿಕಾರಿಗೆ ಮನವಿ ಕೊಡುತ್ತೇವೆ, ಶಾಸಕರ ಮನೆಗೆ ಹೋಗುತ್ತೇವೆ, ತಾಲೂಕು ಕಚೇರಿ ಎದುರು ಧರಣಿ ಕೂರುತ್ತೇವೆ. ಅವೆಲ್ಲ ಬೇಕು. ಆದರೆ "ಇದಕ್ಕೆ ದುಡ್ಡು ಕೊಟ್ಟವರು ಯಾರು?" ಅಂತ ಕೇಳುವುದನ್ನು ಮರೆಯುತ್ತೇವೆ.

ನಾವೇ ಮರೆತದ್ದನ್ನು ಮೊದಲು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಾವು ಕೆಲಸ ಮಾಡುವ ಒಂದು ಊರಿನಲ್ಲಿ ರಸ್ತೆ ಅಗಲ ಮಾಡಿದರು. ನೀರು ಹೋಗಲು ಸರಿಯಾಗಿ ಮೋರಿ ಇಡದೆ ಮಣ್ಣು ತುಂಬಿಸಿದ್ದರಿಂದ ಮಳೆಗಾಲದಲ್ಲಿ ಗದ್ದೆಗಳಲ್ಲಿ ನೀರು ನಿಂತು ನಾಟಿ ಕೊಳೆಯಿತು. ಮೂರು ವರ್ಷ ಮನವಿಯ ಮೇಲೆ ಮನವಿ ಕೊಟ್ಟೆವು. ಒಂದು ಕಚೇರಿಯವರು ಇನ್ನೊಂದು ಕಚೇರಿಯನ್ನು ತೋರಿಸಿದರು. ಕಡೆಗೆ ಮಾಹಿತಿ ಹಕ್ಕಿನಲ್ಲಿ ಕಡತ ತೆಗೆಸಿದಾಗ ಗೊತ್ತಾಯಿತು, ಅದು ಹೊರದೇಶದ ಒಂದು ಅಭಿವೃದ್ಧಿ ಬ್ಯಾಂಕಿನ ಸಾಲದ ರಸ್ತೆ. ಆ ಬ್ಯಾಂಕಿನಲ್ಲಿ ಬಾಧಿತ ಜನರ ದೂರಿಗೆಂದೇ ಒಂದು ವಿಭಾಗವಿತ್ತು. ಆದರೆ ಅಷ್ಟರಲ್ಲಿ ಸಾಲದ ಲೆಕ್ಕ ಮುಗಿದು ದೂರಿನ ಅವಧಿ ದಾಟಿಹೋಗಿತ್ತು. ಮೊದಲ ಮಳೆಗೇ ಕೇಳಿದ್ದರೆ ಬಾಗಿಲು ತೆರೆದಿತ್ತು. ನಾವು ಕೇಳಲಿಲ್ಲ.

ಈ ಬಾಗಿಲು ತೆರೆದದ್ದು ಹೇಗೆ

ಬ್ಯಾಂಕುಗಳು ತಾವಾಗಿಯೇ ತೆರೆದದ್ದಲ್ಲ. ನರ್ಮದಾ ಕಣಿವೆಯ ಜನ ತೆರೆಸಿದ್ದು. ಸರ್ದಾರ್ ಸರೋವರ ಅಣೆಕಟ್ಟಿಗೆ 1985ರಲ್ಲಿ ವಿಶ್ವ ಬ್ಯಾಂಕ್ 45 ಕೋಟಿ ಡಾಲರ್ ಸಾಲ ಮಂಜೂರು ಮಾಡಿತ್ತು. ಮುಳುಗಡೆಯಾಗುವ ಆದಿವಾಸಿಗಳು, ರೈತರು ವರ್ಷಗಟ್ಟಲೆ ಹೋರಾಡಿದ ಮೇಲೆ ಬ್ಯಾಂಕ್ 1991ರಲ್ಲಿ ಹೊರಗಿನವರ ಒಂದು ಸಮಿತಿ ನೇಮಿಸಿತು. ಬ್ರಾಡ್‌ಫೋರ್ಡ್ ಮೋರ್ಸ್ ಅದರ ಅಧ್ಯಕ್ಷರು. ಬ್ಯಾಂಕ್ ತನ್ನದೇ ನಿಯಮಗಳನ್ನು ಪಾಲಿಸಿಲ್ಲ ಎಂದು 1992ರಲ್ಲಿ ಅವರ ವರದಿ ನೇರವಾಗಿ ಹೇಳಿತು. 1993ರ ಮಾರ್ಚಿನಲ್ಲಿ ಭಾರತ ಸರಕಾರ ಉಳಿದ ಸಾಲ ಬೇಡ ಎಂದಿತು. ಅಣೆಕಟ್ಟು ನಿಲ್ಲಲಿಲ್ಲ, ಅದು ಬೇರೆ ಕಥೆ. ಆದರೆ ಅದೇ ವರ್ಷ ವಿಶ್ವ ಬ್ಯಾಂಕ್ 'ಇನ್‌ಸ್ಪೆಕ್ಷನ್ ಪ್ಯಾನೆಲ್' ಎಂಬ ತಪಾಸಣಾ ಮಂಡಳಿ ಮಾಡಿತು. ಯೋಜನೆಯಿಂದ ತೊಂದರೆಯಾದ ಇಬ್ಬರು ಅಥವಾ ಹೆಚ್ಚು ಜನ ಸೇರಿ ಅದಕ್ಕೆ ಬರೆಯಬಹುದು.

ನಮ್ಮ ರಾಜ್ಯದಿಂದ ಅಲ್ಲಿಗೆ ದೂರು ಹೋಗಲು ಹೆಚ್ಚು ಕಾಲ ಹಿಡಿಯಲಿಲ್ಲ. 1998ರಲ್ಲಿ ನಾಗರಹೊಳೆಯ ಆದಿವಾಸಿಗಳು, ಜೇನುಕುರುಬರು, ಬೆಟ್ಟಕುರುಬರು, ಯರವರು, ತಮ್ಮ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿಯ ಮೂಲಕ ಬರೆದರು. ವಿಶ್ವ ಬ್ಯಾಂಕಿನ ಹಣದ 'ಪರಿಸರ ಅಭಿವೃದ್ಧಿ ಯೋಜನೆ' ಅಲ್ಲಿ ಬಂದಿತ್ತು. ಹೆಸರು ಚೆನ್ನಾಗಿದೆ. ಆದರೆ ಕಾಡಿನಲ್ಲೇ ಬದುಕುವವರನ್ನು ಕೇಳದೆ ಯೋಜನೆ ಮಾಡಿದ್ದಾರೆ, ಇದು ನಮ್ಮನ್ನು ಹೊರಗೆ ಕಳಿಸುವ ದಾರಿ, ಬ್ಯಾಂಕಿನ ನಿಯಮದ ಪ್ರಕಾರ ಆದಿವಾಸಿಗಳಿಗಾಗಿ ಮಾಡಬೇಕಾದ ಪ್ರತ್ಯೇಕ ಯೋಜನೆ ಮಾಡಿಲ್ಲ ಎಂಬುದು ಅವರ ದೂರು. ತಪಾಸಣಾ ಮಂಡಳಿ ಪರಿಶೀಲಿಸಿ, ದೂರಿನಲ್ಲಿ ಹುರುಳಿದೆ, ತನಿಖೆ ಆಗಬೇಕು ಎಂದಿತು. ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಲಿಲ್ಲ. ಅಧಿಕಾರಿಗಳು ರಾಜ್ಯ ಸರಕಾರದ ಜೊತೆ ಸೇರಿ ಸರಿಪಡಿಸಲಿ ಎಂದು ಡಿಸೆಂಬರಿನಲ್ಲಿ ಕೈತೊಳೆದುಕೊಂಡಿತು. ಇಂಥ ಹಲವು ಪ್ರಕರಣಗಳ ನಂತರ 1999ರಲ್ಲಿ ನಿಯಮ ಗಟ್ಟಿಯಾಯಿತು. ಮಂಡಳಿ ತನಿಖೆ ಬೇಕು ಎಂದರೆ ಬ್ಯಾಂಕಿನ ದೊಡ್ಡವರು ಕುಳಿತು ಅದರ ಸರಿ-ತಪ್ಪು ತೂಗುವ ಹಾಗಿಲ್ಲ. ಕಾಡಿನ ಹಾಡಿಯವರಿಗೆ ನಿರಾಸೆಯಾದದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ.

ಬ್ಯಾಂಕು ಕೈ ಬಿಗಿ ಹಿಡಿದರೆ ಸರಕಾರಕ್ಕೆ ತಟ್ಟುತ್ತದೆ ಎಂಬುದನ್ನೂ ನಮ್ಮ ರಾಜ್ಯ ನೋಡಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಮುಳುಗಡೆಯಾದವರ ಪುನರ್ವಸತಿ ಹಿಂದೆ ಬಿದ್ದಿದೆ ಎಂಬ ಕಾರಣಕ್ಕೆ 1990ರ ದಶಕದಲ್ಲಿ ವಿಶ್ವ ಬ್ಯಾಂಕ್ ಸಾಲದ ಹಣವನ್ನು ತಡೆಹಿಡಿದದ್ದುಂಟು.

ಚಹಾ ತೋಟದಿಂದ ಹೋದ ಕಾಗದ

ಮುಂದಿನ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಯಾಕೆಂದರೆ ಅದರಲ್ಲಿ ನಮ್ಮಂಥದೇ ಒಂದು ಸಂಸ್ಥೆ ಇದೆ.

ವಿಶ್ವ ಬ್ಯಾಂಕ್ ಬಳಗದಲ್ಲಿ ಐ.ಎಫ್.ಸಿ. ಎಂಬ ಅಂಗವಿದೆ, ಅಂತಾರಾಷ್ಟ್ರೀಯ ಹಣಕಾಸು ನಿಗಮ. ಇದು ಸರಕಾರಕ್ಕಲ್ಲ, ಖಾಸಗಿ ಕಂಪನಿಗಳಿಗೆ ಹಣ ಕೊಡುತ್ತದೆ. ಅದರ ಮೇಲಿನ ದೂರು ಕೇಳಲು 1999ರಿಂದ ಸಿ.ಎ.ಓ. ಎಂಬ ಪ್ರತ್ಯೇಕ ಕಚೇರಿ ಇದೆ. ಅಸ್ಸಾಮಿನಲ್ಲಿ ಟಾಟಾ ಟೀ ತನ್ನ ತೋಟಗಳನ್ನು ಅಮಾಲ್ಗಮೇಟೆಡ್ ಪ್ಲಾಂಟೇಷನ್ಸ್ ಎಂಬ ಹೊಸ ಕಂಪನಿಗೆ ವಹಿಸಿದಾಗ ಐ.ಎಫ್.ಸಿ. ಸುಮಾರು 78 ಲಕ್ಷ ಡಾಲರ್ ಹಾಕಿ ಹೆಚ್ಚುಕಡಿಮೆ ಐದನೇ ಒಂದು ಪಾಲು ತೆಗೆದುಕೊಂಡಿತು. ಕಾರ್ಮಿಕರೂ ಷೇರು ಕೊಂಡು ಪಾಲುದಾರರಾಗುತ್ತಾರೆ ಎಂಬುದು ಅದರ ದೊಡ್ಡ ಮಾತಾಗಿತ್ತು.

ತೋಟದ ಲೈನುಗಳಲ್ಲಿ ಇರುವವರು ಯಾರು? ಬ್ರಿಟಿಷರ ಕಾಲದಲ್ಲಿ ಜಾರ್ಖಂಡ್, ಒಡಿಶಾ ಕಡೆಯಿಂದ ಕರೆತಂದ ಆದಿವಾಸಿಗಳ ಮಕ್ಕಳು, ಮೊಮ್ಮಕ್ಕಳು. ಸೋರುವ ಮನೆ, ತುಂಬಿದ ಚರಂಡಿ, ಸಾಲದ ಕೂಲಿ, ರಕ್ಷಣೆ ಇಲ್ಲದೆ ಔಷಧಿ ಸಿಂಪಡಿಸುವ ಕೆಲಸ. ಜೊತೆಗೆ, ಷೇರು ಅಂದರೆ ಏನು ಅಂತ ಸರಿಯಾಗಿ ತಿಳಿಸದೆ ಕೊಳ್ಳುವಂತೆ ಒತ್ತಾಯ ಮಾಡಿದರು ಎಂಬ ದೂರು. 2013ರಲ್ಲಿ ಮೂರು ಸಂಸ್ಥೆಗಳು ಕಾರ್ಮಿಕರ ಪರವಾಗಿ ಸಿ.ಎ.ಓ.ಗೆ ಬರೆದವು. ಅವುಗಳಲ್ಲಿ ಒಂದು, ಅಲ್ಲಿನ ಧರ್ಮಪ್ರಾಂತ್ಯದ ಸಮಾಜ ಸೇವಾ ಮಂಡಳಿ. ನಮ್ಮ ಹಾಗೆ ಸಂಘ ಕಟ್ಟುವ, ತರಬೇತಿ ಕೊಡುವ ಒಂದು ಕಚೇರಿ!

2016ರ ನವೆಂಬರಿನಲ್ಲಿ ತನಿಖಾ ವರದಿ ಬಂತು. ಮನೆ, ಶೌಚಾಲಯ, ಕೂಲಿ, ಕೀಟನಾಶಕ, ಷೇರಿನ ಮಾಹಿತಿ - ಇವುಗಳಲ್ಲಿ ಐ.ಎಫ್.ಸಿ. ತನ್ನ ನಿಯಮದಂತೆ ನೋಡಿಕೊಳ್ಳಲಿಲ್ಲ ಎಂದು ವರದಿ ಹೇಳಿತು. ಗಮನಿಸಿ, ತನಿಖೆ ನಡೆದದ್ದು ಕಂಪನಿಯ ಮೇಲಲ್ಲ, ಹಣ ಹಾಕಿದವರ ಮೇಲೆ. ಈ ದಾರಿಯ ವಿಶೇಷ ಇದೇ, ಮಿತಿಯೂ ಇದೇ. ಸಿ.ಎ.ಓ. ಯಾರಿಗೂ ದಂಡ ಹಾಕುವುದಿಲ್ಲ, ಕೆಲಸ ನಿಲ್ಲಿಸಿ ಎಂದು ಆದೇಶ ಕೊಡುವುದಿಲ್ಲ. "ನೀವು ಬರೆದುಕೊಂಡ ನಿಯಮವನ್ನು ನೀವೇ ಪಾಲಿಸಲಿಲ್ಲ" ಎಂದು ಎಲ್ಲರೆದುರು ಹೇಳುತ್ತದೆ. ತೋಟದ ಮ್ಯಾನೇಜರ ಎದುರು ತಲೆ ತಗ್ಗಿಸಿ ನಿಲ್ಲುವವರ ಮಾತು ಸರಿ ಎಂದು ಒಂದು ಅಚ್ಚಾದ ಪುಸ್ತಕದಲ್ಲಿ ಬರುವುದು ಸಣ್ಣದೇನಲ್ಲ. ಆದರೆ ವರದಿ ಬರಲು ಸುಮಾರು ನಾಲ್ಕು ವರ್ಷ ಹಿಡಿಯಿತು. ಅಷ್ಟರಲ್ಲಿ ಸೋರುವ ಮಾಡಿನ ಕೆಳಗೆ ನಾಲ್ಕು ಮಳೆಗಾಲ ಕಳೆಯಿತು.

ಮುಂದ್ರಾದ ಮೀನುಗಾರರು

ಕರಾವಳಿಯವರು ಇಲ್ಲಿ ಬಹಳ ಜನ ಇದ್ದೀರಿ, ನಿಮಗೆ ಮುಂದ್ರಾ ಹೇಳಲೇಬೇಕು. ಗುಜರಾತಿನ ಕಚ್ಛ್ ಜಿಲ್ಲೆಯಲ್ಲಿ ಟಾಟಾ ಪವರ್‌ನ ಅಂಗ ಕಂಪನಿ 4000 ಮೆಗಾವ್ಯಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟಿತು. ಐ.ಎಫ್.ಸಿ. 2008ರಲ್ಲಿ 45 ಕೋಟಿ ಡಾಲರ್ ಸಾಲ ಒಪ್ಪಿಕೊಂಡಿತು. ಏಷ್ಯಾ ಅಭಿವೃದ್ಧಿ ಬ್ಯಾಂಕೂ ಸಾಲ ಕೊಟ್ಟಿತು, ನಮ್ಮ ದೇಶದ ಬ್ಯಾಂಕುಗಳೂ ಕೊಟ್ಟವು.

ಅಲ್ಲಿನ ವಾಘೇರ್ ಮೀನುಗಾರರು ವರ್ಷದ ಎಂಟು-ಒಂಬತ್ತು ತಿಂಗಳು ಕುಟುಂಬ ಸಮೇತ ಕಡಲ ತೀರಕ್ಕೆ ಬಂದು ಗುಡಿಸಲು ಹಾಕಿ ಮೀನು ಹಿಡಿಯುತ್ತಾರೆ, ಒಣಗಿಸುತ್ತಾರೆ. ಮಳೆಗಾಲದಲ್ಲಿ ಊರಿಗೆ ಮರಳುತ್ತಾರೆ. ಸ್ಥಾವರದ ಬಿಸಿ ನೀರು ಸಮುದ್ರಕ್ಕೆ ಬಂತು. ಮೀನು ದೂರ ಹೋಯಿತು, ಬಾವಿ ನೀರು ಉಪ್ಪಾಯಿತು, ಒಣಹಾಕಿದ ಮೀನಿನ ಮೇಲೆ ಕಲ್ಲಿದ್ದಲ ಪುಡಿ ಬಿತ್ತು ಎಂದು ಅವರು ಹೇಳಿದರು. 2011ರಲ್ಲಿ ಅವರ ಸಂಘಟನೆ ಸಿ.ಎ.ಓ.ಗೆ ದೂರು ಕೊಟ್ಟಿತು. 2013ರ ವರದಿಯ ಮುಖ್ಯ ಮಾತೇನು ಗೊತ್ತೇ? ತೀರಕ್ಕೆ ಬಂದು ಹೋಗುವ ಈ ಮೀನುಗಾರ ಕುಟುಂಬಗಳನ್ನು ಬಾಧಿತ ಜನ ಎಂದು ಸರಿಯಾಗಿ ಪರಿಗಣಿಸಿಯೇ ಇರಲಿಲ್ಲ. ಇದ್ದವರನ್ನೇ ಇಲ್ಲದವರಂತೆ ಮಾಡಿದ್ದರು.

ನಮ್ಮ ಕಡೆಯಲ್ಲೂ ಹೀಗೇ ಅಲ್ವಾ? ಒಣಮೀನು ಹಾಕುವ ಧಕ್ಕೆಯ ಬದಿಗೆ ಆರ್.ಟಿ.ಸಿ. ಇಲ್ಲ. ಚಿಪ್ಪು ಹೆಕ್ಕುವ ಅಳಿವೆಗೆ ಹಕ್ಕುಪತ್ರ ಇಲ್ಲ. ಸರ್ವೆಯವರು ಕಾಗದ ಇರುವವರನ್ನು ಮಾತ್ರ ಬರೆದುಕೊಂಡು ಹೋಗುತ್ತಾರೆ.

ಮುಂದ್ರಾದವರು ವರದಿಗೆ ತೃಪ್ತರಾಗಲಿಲ್ಲ, ಯಾಕೆಂದರೆ ಐ.ಎಫ್.ಸಿ. ವರದಿಯ ಹಲವು ಮಾತುಗಳನ್ನು ಒಪ್ಪಲೇ ಇಲ್ಲ. ಏಷ್ಯಾ ಅಭಿವೃದ್ಧಿ ಬ್ಯಾಂಕಿಗೂ ಬರೆದರು, ಅಲ್ಲಿಯ ತನಿಖೆಯೂ 2015ರಲ್ಲಿ ಬ್ಯಾಂಕಿನ ತಪ್ಪನ್ನು ಗುರುತಿಸಿತು. ಅದೇ ವರ್ಷ ಮೀನುಗಾರರು, ಒಬ್ಬ ರೈತರು, ಒಂದು ಗ್ರಾಮ ಪಂಚಾಯತಿ ಸೇರಿ ಅಮೆರಿಕದ ವಾಷಿಂಗ್ಟನ್ ಕೋರ್ಟಿನಲ್ಲಿ ಐ.ಎಫ್.ಸಿ. ಮೇಲೇ ದಾವೆ ಹಾಕಿದರು. "ನಮ್ಮ ಮೇಲೆ ಯಾರೂ ದಾವೆ ಹಾಕುವಂತಿಲ್ಲ, ನಮಗೆ ಪೂರ್ಣ ರಕ್ಷಣೆ ಇದೆ" ಎಂಬುದು ಐ.ಎಫ್.ಸಿ. ವಾದ. ಕೆಳಗಿನ ಎರಡು ಕೋರ್ಟುಗಳು ಹೌದೆಂದವು. 2019ರ ಫೆಬ್ರವರಿ 27ರಂದು ಅಮೆರಿಕದ ಸುಪ್ರೀಂ ಕೋರ್ಟ್ ಏಳು-ಒಂದು ಬಹುಮತದಿಂದ ಹೇಳಿತು: ಅಂಥ ಪೂರ್ಣ ರಕ್ಷಣೆ ಇಲ್ಲ. ಕಚ್ಛಿನ ಗುಡಿಸಲಿನಿಂದ ಹೊರಟವರು ಅಷ್ಟು ದೂರ ಮುಟ್ಟಿದರು ಮಾರಾಯ್ರೆ!

ಚಪ್ಪಾಳೆ ಬೇಡ, ಕಥೆ ಇನ್ನೂ ಇದೆ. ದಾವೆ ಮತ್ತೆ ಕೆಳಗಿನ ಕೋರ್ಟಿಗೆ ಬಂದಾಗ, ತೊಂದರೆಗೆ ಕಾರಣವಾದ ಕೆಲಸ ಮುಖ್ಯವಾಗಿ ನಡೆದದ್ದು ಭಾರತದಲ್ಲಿ, ಅಮೆರಿಕದಲ್ಲಲ್ಲ ಎಂದು 2020ರಲ್ಲಿ ವಜಾ ಮಾಡಿದರು. 2021ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕೇಳಲು ಒಪ್ಪಲಿಲ್ಲ. ಆ ಕೋರ್ಟುಗಳಿಂದ ಮೀನುಗಾರರ ಕೈಗೆ ಪರಿಹಾರ ಬರಲಿಲ್ಲ. ಇದನ್ನು ಹೇಳದೆ ನಿಮ್ಮನ್ನು ಹುರಿದುಂಬಿಸಿ ಕಳಿಸುವುದು ಮೋಸ.

ಹಾಗಾದರೆ ಯಾಕೆ ಬರೆಯಬೇಕು ಅಂತ ಕೇಳಬಹುದು. ಬರೆಯದಿದ್ದರೆ ಸಾಲ ಕೊಟ್ಟವರ ಕಡತದಲ್ಲಿ ನಾವು ಇಲ್ಲವೇ ಇಲ್ಲ. ಸ್ಥಾವರ ಮುಗಿದ ಮೇಲೆ ಬರೆದ ದೂರಿಗೂ, ಸಾಲದ ಕಂತು ಇನ್ನೂ ಬಿಡುಗಡೆಯಾಗುತ್ತಿರುವಾಗ ಬರೆದ ದೂರಿಗೂ ಬಹಳ ವ್ಯತ್ಯಾಸವಿದೆ. ಕಂತು ಬಾಕಿ ಇರುವವರೆಗೆ ಬ್ಯಾಂಕಿನ ಮಾತಿಗೆ ಬೆಲೆ. ಅದು ನಮಗೂ ಗೊತ್ತಿರುವ ಲೆಕ್ಕವೇ.

ದುಡ್ಡಿನ ಮೂಲ ಹುಡುಕುವುದು

ಕಾಮಗಾರಿಯ ಬೋರ್ಡು ಮೊದಲು ನೋಡಿ. ಸರಕಾರಿ ಯೋಜನೆಯಾದರೆ ಅದರಲ್ಲಿ ಸಾಲ ಕೊಟ್ಟವರ ಹೆಸರು ಇರುವುದುಂಟು. ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಸಂಬಂಧಪಟ್ಟ ಇಲಾಖೆಗೆ ಒಂದು ಅರ್ಜಿ, ಹತ್ತು ರೂಪಾಯಿ ಶುಲ್ಕ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನ. "ಈ ಯೋಜನೆಗೆ ಹಣದ ಮೂಲ ಯಾವುದು, ಸಾಲದ ಒಪ್ಪಂದದ ಪ್ರತಿ ಕೊಡಿ" ಅಂತ ಎರಡು ಸಾಲು ಸಾಕು. ವಿಶ್ವ ಬ್ಯಾಂಕ್, ಐ.ಎಫ್.ಸಿ., ಎಡಿಬಿ ತಮ್ಮ ಯೋಜನೆಗಳ ಪಟ್ಟಿಯನ್ನು ಅಂತರ್ಜಾಲದಲ್ಲಿ ಹಾಕುತ್ತವೆ. ಕಾಲೇಜಿಗೆ ಹೋಗುವ ಮಕ್ಕಳಿಗೆ ಹೇಳಿದರೆ ಅರ್ಧ ಗಂಟೆಯಲ್ಲಿ ಹುಡುಕಿ ಕೊಡ್ತಾರೆ.

ಕೆಲವೊಮ್ಮೆ ದುಡ್ಡು ನೇರ ಬರುವುದಿಲ್ಲ, ಕೊಳವೆಯೊಳಗೆ ಕೊಳವೆ. ಒಡಿಶಾದ ಢೆಂಕನಾಲ್ ಜಿಲ್ಲೆಯ ಕಮಲಂಗಾ ವಿದ್ಯುತ್ ಸ್ಥಾವರಕ್ಕೆ ಐ.ಎಫ್.ಸಿ. ನೇರವಾಗಿ ಸಾಲ ಕೊಡಲಿಲ್ಲ. ಒಂದು ಮೂಲಸೌಕರ್ಯ ನಿಧಿಗೆ ಹಣ ಹಾಕಿತ್ತು, ಆ ನಿಧಿ ಸ್ಥಾವರಕ್ಕೆ ಹಾಕಿತ್ತು. ಆದರೂ 2011ರಲ್ಲಿ ಜನ ಬರೆದ ದೂರನ್ನು ಸಿ.ಎ.ಓ. ತೆಗೆದುಕೊಂಡಿತು.

ನಮ್ಮ ದೇಶದ ಬ್ಯಾಂಕುಗಳದ್ದೇ ದೊಡ್ಡ ಸಮಸ್ಯೆ. ನಿಮಗೆ ಬ್ಯಾಂಕ್ ಓಂಬುಡ್ಸ್‌ಮನ್ ಗೊತ್ತು. 2021ರಲ್ಲಿ ರಿಸರ್ವ್ ಬ್ಯಾಂಕ್ ಹಳೆಯ ಮೂರು ಯೋಜನೆಗಳನ್ನು ಸೇರಿಸಿ ಒಂದೇ ಮಾಡಿತು. ಆದರೆ ಅದು ಗ್ರಾಹಕರಿಗೆ. ಎ.ಟಿ.ಎಂ.ನಲ್ಲಿ ದುಡ್ಡು ಬಾರದೆ ಖಾತೆಯಿಂದ ಕಡಿತವಾದರೆ ಅಲ್ಲಿ ಕೇಳಬಹುದು. ಬ್ಯಾಂಕ್ ಸಾಲ ಕೊಟ್ಟ ಕಾರ್ಖಾನೆಯಿಂದ ನಮ್ಮ ಬಾವಿ ಹಾಳಾದರೆ ಅಲ್ಲಿ ಬಾಗಿಲಿಲ್ಲ. ನಾವು ಉಳಿತಾಯ ಇಟ್ಟದ್ದು ಇದೇ ಬ್ಯಾಂಕುಗಳಲ್ಲಿ! ಹಾಗಂತ ಬರೆಯಬಾರದು ಅಂತಲ್ಲ, ಅಧ್ಯಕ್ಷರಿಗೆ, ಆಡಳಿತ ನಿರ್ದೇಶಕರಿಗೆ ರಿಜಿಸ್ಟರ್ ಅಂಚೆಯಲ್ಲಿ ಬರೆಯಬಹುದು. ಆಸ್ಟ್ರೇಲಿಯಾದ ಒಂದು ಕಲ್ಲಿದ್ದಲು ಗಣಿಗೆ ಸ್ಟೇಟ್ ಬ್ಯಾಂಕ್ ಸಾಲ ಕೊಡಬಾರದು ಅಂತ 2020ರ ನವೆಂಬರಿನಲ್ಲಿ ಸಿಡ್ನಿಯ ಕ್ರಿಕೆಟ್ ಪಂದ್ಯದ ನಡುವೆ ಇಬ್ಬರು ಫಲಕ ಹಿಡಿದು ಮೈದಾನಕ್ಕೇ ಓಡಿದ್ದರು. ನಿಮ್ಮ ಮಕ್ಕಳು ಟಿ.ವಿ.ಯಲ್ಲಿ ನೋಡಿರಬಹುದು. ನಾವು ಓಡಬೇಕಿಲ್ಲ, ಕಾಗದ ಸಾಕು.

ದೂರು ಬರೆಯುವಾಗ

ಇಂಗ್ಲಿಷ್ ಬೇಕು ಎಂಬ ಹೆದರಿಕೆ ಬಿಡಿ. ಕನ್ನಡದಲ್ಲೇ ಬರೆಯಬಹುದು, ಅನುವಾದ ಮಾಡಿಸಿಕೊಳ್ಳುವುದು ಅವರ ಕೆಲಸ. ಫಾರಂ ಬೇಕಿಲ್ಲ, ಶುಲ್ಕ ಇಲ್ಲ, ವಕೀಲರು ಬೇಕೇಬೇಕು ಅಂತಿಲ್ಲ. ವಿಶ್ವ ಬ್ಯಾಂಕಿನ ಮಂಡಳಿಗೆ ಕನಿಷ್ಠ ಇಬ್ಬರು ಸಹಿ ಹಾಕಬೇಕು, ಸಿ.ಎ.ಓ.ಗೆ ಒಬ್ಬರಾದರೂ ಸಾಕು. ಆದರೂ ಒಬ್ಬರೇ ಬರೆಯಬೇಡಿ ಎಂಬುದು ನಮ್ಮ ಸಲಹೆ.

ಬರೆಯುವ ರೀತಿ ಮುಖ್ಯ. "ನಮ್ಮ ಬದುಕು ಸರ್ವನಾಶವಾಗಿದೆ" ಎಂದು ಬರೆದರೆ ಓದಿದವರು ಅಯ್ಯೋ ಪಾಪ ಎಂದು ಮಡಚಿಡುತ್ತಾರೆ. "ಕಾಲುವೆ ತೋಡಿದ ನಂತರದ ಎರಡು ಬೇಸಿಗೆಯಲ್ಲಿ ನಮ್ಮ ವಾರ್ಡಿನ ಹನ್ನೊಂದು ಬಾವಿಗಳ ನೀರು ಉಪ್ಪಾಗಿದೆ, ಈಗ ಪಂಚಾಯತಿ ಟ್ಯಾಂಕರಿನ ನೀರು ಕುಡಿಯುತ್ತೇವೆ" ಎಂದು ಬರೆದರೆ ಯಾರಾದರೂ ಬಂದು ಬಾವಿ ನೋಡಲೇಬೇಕಾಗುತ್ತದೆ. ನಾವು ಯಾರು, ಎಲ್ಲಿಯವರು, ಯಾವ ಯೋಜನೆ, ಏನು ತೊಂದರೆ ಆಗಿದೆ ಅಥವಾ ಆಗಲಿದೆ, ಯಾರಿಗೆಲ್ಲ ಮೊದಲೇ ಹೇಳಿದ್ದೇವೆ, ಅವರು ಏನು ಉತ್ತರ ಕೊಟ್ಟರು, ನಮಗೆ ಏನು ಬೇಕು - ಇಷ್ಟು ಬಂದರೆ ಎರಡು ಪುಟದಲ್ಲಿ ಮುಗಿಯುತ್ತದೆ. ಮೊದಲು ಕೊಟ್ಟ ಮನವಿಗಳ ಸ್ವೀಕೃತಿ ಇರಬೇಕು. ಆದ್ದರಿಂದ ಯಾವ ಕಚೇರಿಗೆ ಕಾಗದ ಕೊಟ್ಟರೂ ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಗ್ರಾಮಸಭೆಯ ಠರಾವು, ತಾರೀಕು ಇರುವ ಫೋಟೋ, ನೀರಿನ ಪರೀಕ್ಷೆಯ ಚೀಟಿ, ಮೀನು ಮಾರಿದ ಲೆಕ್ಕದ ಹಳೆಯ ಪುಸ್ತಕ ಎಲ್ಲ ಜೋಪಾನ.

ದೂರು ಹೋದ ಮೇಲೆ ಸಾಮಾನ್ಯವಾಗಿ ಎರಡು ದಾರಿ ಮುಂದಿಡುತ್ತಾರೆ. ಕಂಪನಿಯ ಜೊತೆ ಕೂತು ಮಾತುಕತೆ, ಅಥವಾ ಬ್ಯಾಂಕಿನ ಮೇಲೆ ತನಿಖೆ. ಮಾತುಕತೆ ಇಬ್ಬರೂ ಒಪ್ಪಿದರೆ ಮಾತ್ರ. ಊರಿನಲ್ಲಿ ಒಗ್ಗಟ್ಟಿಲ್ಲದಿದ್ದರೆ ಅದಕ್ಕೆ ಕೂರಬೇಡಿ, ನಾಲ್ಕು ಜನರನ್ನು ಕರೆದು ಕೆಲಸ ಕೊಟ್ಟು ಮುಗಿಸಿಬಿಡ್ತಾರೆ.

ಹೆಸರು ಗುಟ್ಟಾಗಿಡಿ ಎಂದು ಕೇಳುವ ಹಕ್ಕು ನಿಮಗಿದೆ. ದೂರು ಕೊಟ್ಟವರ ಮನೆಗೆ ಬ್ಯಾಂಕಿನವರಿಗಿಂತ ಮೊದಲು ಗುತ್ತಿಗೆದಾರನ ಜನ ಬರುವುದನ್ನು ಕಂಡಿದ್ದೇವೆ. ಆದ್ದರಿಂದ ಯಾರು ಸಹಿ ಹಾಕಬೇಕು, ಯಾರು ಹಾಕಬಾರದು ಎಂದು ಮನೆಯವರ ಜೊತೆ ಕೂತು ಮೊದಲೇ ತೀರ್ಮಾನಿಸಿ. ಕಂಪನಿಯಲ್ಲಿ ಕೂಲಿಗೆ ಹೋಗುವ ಮಗ ಇರುವ ತಾಯಿಯ ಸಹಿಯನ್ನು ನಾವು ಕೇಳುವುದಿಲ್ಲ.

ಇನ್ನೊಂದು ಎಚ್ಚರಿಕೆ. ಬ್ಯಾಂಕಿಗೆ ಬರೆದಿದ್ದೇವೆ ಅಂತ ಇಲ್ಲಿಯ ಗಡುವು ನಿಲ್ಲುವುದಿಲ್ಲ. ಪರಿಸರ ಅನುಮತಿಯ ವಿರುದ್ಧ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು 30 ದಿನ, ತಕ್ಕ ಕಾರಣವಿದ್ದರೆ ಮೇಲೆ 60 ದಿನ, ಅಷ್ಟೇ. ನಮ್ಮ ರಾಜ್ಯಕ್ಕೆ ಚೆನ್ನೈ ಪೀಠ. ಬ್ಯಾಂಕಿನ ಬಾಗಿಲೂ ಸದಾ ತೆರೆದಿರುವುದಿಲ್ಲ. ವಿಶ್ವ ಬ್ಯಾಂಕಿನ ಮಂಡಳಿ ಮೊದಲು, ಸಾಲದ ಬಹುಪಾಲು ಬಿಡುಗಡೆಯಾದರೆ ದೂರು ತೆಗೆದುಕೊಳ್ಳುತ್ತಿರಲಿಲ್ಲ. 2020ರ ಬದಲಾವಣೆಯ ನಂತರ ಸಾಲದ ಲೆಕ್ಕ ಮುಗಿದ ಮೇಲೂ 15 ತಿಂಗಳವರೆಗೆ ಅವಕಾಶ ಮಾಡಿದ್ದಾರೆ. ಬೇರೆ ಬ್ಯಾಂಕುಗಳಿಗೆ ಬೇರೆ ಲೆಕ್ಕ, ಬರೆಯುವ ಮೊದಲು ವಿಚಾರಿಸಿಕೊಳ್ಳಬೇಕು.

ಮುಂದಿನ ತಿಂಗಳ ಸಭೆಗೆ ಪ್ರತಿ ಸಂಘದವರೂ ಒಂದು ಕೆಲಸ ಮಾಡಿಕೊಂಡು ಬನ್ನಿ. ನಿಮ್ಮ ಊರಿನಲ್ಲಿ ನಡೆಯುತ್ತಿರುವ ಅಥವಾ ಬರಲಿದೆ ಎಂದು ಸುದ್ದಿ ಇರುವ ದೊಡ್ಡ ಕಾಮಗಾರಿಯ ಹೆಸರು, ಬೋರ್ಡು ಇದ್ದರೆ ಅದರ ಒಂದು ಫೋಟೋ, ಮತ್ತು ಇದುವರೆಗೆ ಯಾರಿಗಾದರೂ ಕೊಟ್ಟ ಮನವಿಯ ಪ್ರತಿ. ಫೋಟೋ ತೆಗೆಯಲು ಆಗದಿದ್ದರೆ ಬೋರ್ಡಿನಲ್ಲಿ ಬರೆದದ್ದನ್ನು ಚೀಟಿಯಲ್ಲಿ ಇದ್ದ ಹಾಗೇ ಬರೆದು ತನ್ನಿ. ಮಾಹಿತಿ ಹಕ್ಕಿನ ಅರ್ಜಿಗಳನ್ನು ಅಲ್ಲೇ ಕೂತು ತುಂಬೋಣ. ಹೊಳೆಯ ಪ್ರಶ್ನೆ ಕೇಳಿದ ಅಕ್ಕನವರ ಅರ್ಜಿ ಮೊದಲು.